ಪಿ.ಟಿ. ಮೇಷ್ಟ್ರ ರಕ್ತದಲ್ಲಿ ಇಲ್ಲದ್ದು

ಹೊಸನಗರದಲ್ಲಿ ಈಗಲೂ ಯಾರನ್ನಾದರೂ ಕೇಳಿ ನೋಡಿ, ನಮ್ಮ ಪಿ.ಟಿ. ಮೇಷ್ಟ್ರು ಒಮ್ಮೆ ವಿಷ ಕುಡಿದು ಬದುಕಿದವರು ಎಂದೇ ಹೇಳುತ್ತಾರೆ. ಹೇಳುವವರ ದನಿಯಲ್ಲಿ ಕೆಡುಕೇನೂ ಇರುವುದಿಲ್ಲ, ಮರುಕವೇ ಇರುತ್ತದೆ. ಕಳೆದ ತಿಂಗಳು ಅವರ ಬೀಳ್ಕೊಡುಗೆಯ ದಿನ ಊರಿನ ಹಿರಿಯರೊಬ್ಬರು ಮೈಕ್ ಹಿಡಿದು, “ಜೀವನದಲ್ಲಿ ಎಂಥ ಕಷ್ಟ ಬಂದರೂ ಎದ್ದು ನಿಲ್ಲಬಹುದು ಎಂಬುದಕ್ಕೆ ಇವರೇ ಸಾಕ್ಷಿ” ಎಂದರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಹಾರ ಹಾಕಿಸಿಕೊಂಡು ಕೂತಿದ್ದ ಮೇಷ್ಟ್ರು ನನ್ನ ಕಡೆ ಬಗ್ಗಿ, “ಇವ್ರಿಗೂ ಹೇಳ್ಬೇಕಾ ಮೇಡಂ?” ಎಂದು ಪಿಸುಗುಟ್ಟಿದರು. ನಾನು ಬೇಡವೆಂದು ತಲೆಯಾಡಿಸಿದೆ. ಹೇಳಿದಷ್ಟೂ ಗೋಜಲಾಗುವ ವಿಷಯ ಅದು. ವಿಜ್ಞಾನದ ಪಾಠ ಮಾಡಿಕೊಂಡು ಬಂದ ನಾನೇ ಅದನ್ನು ಬಿಡಿಸಲು ಹೋಗಿ ಎಷ್ಟೋ ಸಲ ಇನ್ನಷ್ಟು ಗಂಟು ಹಾಕಿದ್ದೇನೆ.

ನಾನು ಆ ಹೈಸ್ಕೂಲಿಗೆ ಸೇರಿದಾಗ ಅವರು ಆಗಲೇ ಅಲ್ಲಿ ಹಳಬರು. ಸ್ಟಾಫ್ ರೂಮಿನಲ್ಲಿ ಅವರು ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಕಿಟಕಿಯ ಪಕ್ಕ ನಿಂತು, ಒಂದು ಕಾಲು ಮಡಿಸಿ ಗೋಡೆಗೆ ಒತ್ತಿಕೊಂಡು ಟೀ ಕುಡಿಯುತ್ತಿದ್ದರು. ಕುತ್ತಿಗೆಯಲ್ಲಿ ವಿಷಲ್ ಇದ್ದರೂ ಊದುತ್ತಿರಲಿಲ್ಲ. “ನನ್ನ ಗಂಟ್ಲು ಇರ್ವಾಗ ಅದೆಂತಕ್ಕೆ?” ಎನ್ನುತ್ತಿದ್ದರು. ಮಾತು ಸುಳ್ಳಲ್ಲ. ಅವರು ಮೈದಾನದಲ್ಲಿ “ಸಾವಧಾನ್” ಎಂದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ನೆಟ್ಟಗಾಗುತ್ತಾರೆ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು.

ಹೆಣ್ಣುಮಕ್ಕಳ ಖೋಖೋ ತಂಡ ಕಟ್ಟುವುದು ಅವರಿಗೆ ಪ್ರಾಣ. ಹೊಸದಾಗಿ ಬಂದ ಮಕ್ಕಳನ್ನು ಮೊದಲ ವಾರ ಓಡಿಸುತ್ತಲೇ ಇರಲಿಲ್ಲ. ಹುಲ್ಲಿನ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳಲು ಹೇಳಿ, “ಉಸಿರು ನಿಮ್ಮ ಮಾತು ಕೇಳ್ಬೇಕು, ಆಮೇಲೆ ಕಾಲು ಕೇಳುತ್ತೆ” ಎನ್ನುತ್ತಿದ್ದರು. ನನ್ನ ಹತ್ತಿರ ಬಂದು ವಿಚಿತ್ರ ಪ್ರಶ್ನೆ ಕೇಳುವ ಅಭ್ಯಾಸವೂ ಇತ್ತು. “ಮೇಡಂ, ಕೋಳಿಗೆ ಬೆವರು ಬರುತ್ತಾ?” “ಮೇಡಂ, ನಿದ್ದೇಲಿ ನಗೋ ಮಗೂಗೆ ಕನಸು ಬಿದ್ದಿರುತ್ತಾ, ಸುಮ್ನೆ ನಗುತ್ತಾ?” ನನಗೆ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದರೆ ಅವರಿಗೆ ಖುಷಿ. “ವಿಜ್ಞಾನದೋರಿಗೂ ಗೊತ್ತಿಲ್ಲ” ಎಂದು ಸಮಾಧಾನದಿಂದ ಹೊರಟು ಹೋಗುತ್ತಿದ್ದರು.

ಅವರ ಹೆಂಡತಿ ಪೇಟೆಯಲ್ಲಿ ಬಳೆ, ಲೇಸು, ಹೇರ್‌ಪಿನ್ನಿನ ಸಣ್ಣ ಅಂಗಡಿ ಇಟ್ಟಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ದನಿಯಲ್ಲಿ ಅಕ್ಕ ಗಂಡನಿಗೆ ಸರಿಜೋಡಿ. ಗಂಡಹೆಂಡಿರ ಜಗಳ ಬೀದಿಗೆಲ್ಲ ಕೇಳುತ್ತಿತ್ತು, ಹಿಂದೆಯೇ ನಗುವೂ ಕೇಳುತ್ತಿತ್ತು. ಹಾಗಾಗಿ ಅಕ್ಕಪಕ್ಕದವರು ಯಾವುದಕ್ಕೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಆ ವರ್ಷ ಮೇಷ್ಟ್ರಿಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರಿಗೆ ತೋರಿಸಿ ಎಂದು ಅಕ್ಕ ಹೇಳಿದರೆ, ಮಕ್ಕಳನ್ನು ಜಿಲ್ಲಾ ಮಟ್ಟದ ಆಟಕ್ಕೆ ಕರೆದುಕೊಂಡು ಹೋಗಬೇಕು, ಬಂದ ಮೇಲೆ ನೋಡೋಣ ಎಂದು ಇವರು. ಗೇಟಿನ ಹತ್ತಿರ ನಿಂತು ಅಕ್ಕ ಕೂಗಿದ್ದು ಸುತ್ತಲಿನ ಮನೆಗಳಿಗೆಲ್ಲ ಕೇಳಿಸಿತು. “ಏನ್ ಬೇಕಾದ್ರೂ ಮಾಡ್ಕೊಳ್ಳಿ! ಇನ್ನು ನನ್ನ ಕೇಳ್ಬೇಡಿ!”

ಆಟ ಮುಗಿಸಿ ಬಂದ ಮರುದಿನವೇ ನೋವು ತಡೆಯಲಾಗದೆ ಬಗ್ಗಿ ಕೂತರು. ಅವರ ಅಣ್ಣನ ಊರು ಸಾಗರದ ಹತ್ತಿರ. ಅಣ್ಣನಿಗೆ ಪರಿಚಯವಿದ್ದ ಸಾಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅಪೆಂಡಿಕ್ಸ್ ಎಂದು ಆಪರೇಷನ್ ಮಾಡಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮೇಷ್ಟ್ರು ಏಳಲಿಲ್ಲ. ಕಣ್ಣು ಬಿಡಲಿಲ್ಲ, ಬೆರಳು ಅಲ್ಲಾಡಿಸಲಿಲ್ಲ, ತಾವಾಗಿ ಉಸಿರಾಡಲೂ ಇಲ್ಲ. ಅರಿವಳಿಕೆ ಕೊಡುವ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸಂಜೆಯವರೆಗೂ ಅವರ ತಲೆಯ ಹತ್ತಿರದಿಂದ ಕದಲಲಿಲ್ಲವಂತೆ. ಉಸಿರನ್ನು ಯಂತ್ರ ಕೊಡುತ್ತಿತ್ತು. ಕತ್ತಲಾಗುವ ಹೊತ್ತಿಗೆ ಹೆಬ್ಬೆರಳು ಅಲುಗಿತು. ಆಮೇಲೆ ಕೈ, ಆಮೇಲೆ ಕಣ್ಣು.

ನಡುವೆ ಏನಾಯಿತೆಂದು ಮೇಷ್ಟ್ರು ನನಗೆ ಹೇಳಿದ್ದು ಒಂದೇ ಸಲ, ಅದೂ ಮೈದಾನದ ಮೂಲೆಯಲ್ಲಿ ನಿಂತು.

“ಸ್ವಲ್ಪ ಹೊತ್ತು ನಂಗೆ ಎಚ್ಚರ ಇತ್ತು ಮೇಡಂ. ರೆಪ್ಪೆ ಎತ್ಬೇಕು ಅಂತೀನಿ, ಏಳಲ್ಲ. ಕೂಗ್ಬೇಕು ಅಂತೀನಿ, ಗಂಟ್ಲೇ ಇಲ್ಲ. ಉಸಿರು ಒಳಗೆ ಬರ್ತಿದೆ, ಆದ್ರೆ ಎಳ್ಕೊಳ್ತಿರೋದು ನಾನಲ್ಲ. ಇವಳು ಬಂದು ಕಿವಿ ಹತ್ರ ಬಗ್ಗಿ, ‘ಏಳಿ, ಇನ್ನು ಜಗಳ ಆಡಲ್ಲ’ ಅಂತ ಅಳ್ತಿದ್ಲು. ಅಳ್ಬೇಡ್ವೆ ಅಂತ ನಾನು ಹೇಳ್ತಾನೇ ಇದೀನಿ. ಒಂದಕ್ಷರ ಹೊರಗೆ ಬರ್ಲಿಲ್ಲ.”

ಅಷ್ಟು ಹೇಳಿ, ಓಡುತ್ತಿದ್ದ ಹುಡುಗಿಯರ ಕಡೆ ತಿರುಗಿ ಸುಮ್ಮನೆ ಒಮ್ಮೆ ಕೂಗಿದರು. ಆ ಹುಡುಗಿಯರು ಏನೂ ತಪ್ಪು ಮಾಡಿರಲಿಲ್ಲ. ಗಂಟಲು ಇದೆಯೋ ಇಲ್ಲವೋ ಎಂದು ನೋಡಿಕೊಂಡರೋ ಏನೋ.

ಎಚ್ಚರವಿರಬಹುದೆಂದು ಅನುಮಾನ ಬಂದ ಕೂಡಲೇ ಡಾಕ್ಟರು ಅವರಿಗೆ ಮತ್ತೆ ನಿದ್ದೆ ಬರಿಸಿದ್ದರು. ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದರು. ಎಲ್ಲ ಗೋಜಲೂ ಹುಟ್ಟಿದ್ದು ಆ ರಿಪೋರ್ಟಿನಿಂದ. ಅದರಲ್ಲಿ ಕೋಲಿನೆಸ್ಟರೇಸ್ ಎಂಬುದು ತೀರಾ ಕಡಿಮೆ ಎಂದಿತ್ತು. ಅಣ್ಣ ಅದನ್ನು ತೆಗೆದುಕೊಂಡು ಹೋಗಿ ತನಗೆ ಗೊತ್ತಿದ್ದ ಮೆಡಿಕಲ್ ಶಾಪಿನವನಿಗೆ ತೋರಿಸಿದರು. ಅವನು ನೋಡಿ, “ಇದು ಔಷಧಿ ಕುಡಿದೋರಿಗೆ ಮಾಡೋ ಟೆಸ್ಟು” ಎಂದ. ನಮ್ಮ ಕಡೆ ಔಷಧಿ ಕುಡಿಯುವುದು ಎಂದರೆ ಎರಡರ್ಥ. ಕಾಯಿಲೆಗೆ ಕುಡಿಯುವುದು ಒಂದು, ಗದ್ದೆಗೆ ಹೊಡೆಯುವ ಕೀಟನಾಶಕ ಕುಡಿಯುವುದು ಇನ್ನೊಂದು. ಅವನು ಹೇಳಿದ್ದು ಎರಡನೆಯದು.

ಅಣ್ಣನಿಗೆ ಎಲ್ಲ ತಾಳೆಯಾಯಿತು. ಗೇಟಿನ ಹತ್ತಿರದ ಜಗಳ, ಕಿವಿಯ ಹತ್ತಿರದ ಅಳು, ಈಗ ಈ ಕಾಗದ. ವಾರ್ಡಿನ ಹೊರಗೆ ಅಕ್ಕನನ್ನು ನಿಲ್ಲಿಸಿ, “ನಮ್ಮ ಹುಡುಗನ್ನ ಎಂತ ಮಾಡ್ದೆ ನೀನು?” ಎಂದು ಕೇಳಿದರಂತೆ. ಅಕ್ಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಮೇಷ್ಟ್ರು ಶಾಲೆಗೆ ಮರಳುವ ಹೊತ್ತಿಗೆ ವಿಷ ಕುಡಿದರಂತೆ ಎಂಬ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಹೆಡ್‌ಮಾಸ್ಟರು ಅವರನ್ನು ಕೂರಿಸಿಕೊಂಡು ತಮ್ಮ ಕಷ್ಟಗಳನ್ನೆಲ್ಲ ಹೇಳಿಕೊಂಡರು. ನನ್ನ ಪ್ರಯೋಗಾಲಯದಲ್ಲಿ ಆ್ಯಸಿಡ್ ಇಟ್ಟಿದ್ದ ಕಪಾಟಿಗೆ ಯಾರೋ ಹೊಸ ಬೀಗ ಜಡಿದಿದ್ದರು, ನನ್ನನ್ನೂ ಕೇಳದೆ. ತುಂಟ ಹುಡುಗರು ಕೂಡ ಅವರ ಮುಂದೆ ಆಸ್ಪತ್ರೆಯಲ್ಲಿ ನಡೆದಂತೆ ನಡೆಯುತ್ತಿದ್ದರು.

“ಏನ್ ಮೇಡಂ, ಎಲ್ರೂ ನನ್ ಹತ್ರ ಇಷ್ಟು ಮೆತ್ತಗೆ ಮಾತಾಡ್ತಾರೆ? ನಾನು ಸಾಯ್ತೀನಾ?” ಎಂದು ಕೇಳಿದರು.

ನಾನೇ ಹೇಳಬೇಕಾಯಿತು. ಅವರು ಕೇಳಿಸಿಕೊಂಡು ಮೊದಲು ನಕ್ಕರು. ಆಮೇಲೆ ರಿಪೋರ್ಟನ್ನು ಜೇಬಿನಿಂದ ತೆಗೆದು ನನ್ನ ಕೈಗಿತ್ತು, “ನೀವು ಓದಿದೋರು. ಇದರಲ್ಲಿ ಎಂತ ಇದೆ ಅಂತ ನನ್ನ ಅಣ್ಣಂಗೆ ಒಂಚೂರು ತಿಳ್ಸಿ ಹೇಳಿ” ಎಂದರು.

ಹತ್ತನೇ ಕ್ಲಾಸಿಗೆ ಬಟಾಣಿ ಗಿಡದ ಪಾಠ ವರ್ಷವರ್ಷವೂ ಮಾಡಿದವಳು ನಾನು. ಎತ್ತರದ ಗಿಡ, ಕುಳ್ಳ ಗಿಡ, ನಾಲ್ಕು ಚೌಕದ ಪಟ್ಟಿ, ಎಲ್ಲ ಬಾಯಿಪಾಠ. ಆದರೆ ಆ ಕಾಗದ ನನಗೂ ಒಗಟಾಗಿತ್ತು. ಅರಿವಳಿಕೆ ಕೊಟ್ಟ ಡಾಕ್ಟರಿಗೆ ಫೋನ್ ಮಾಡಿದೆ. ಅವರು ತಾಳ್ಮೆಯಿಂದ ಹೇಳಿದರು. “ಎಲ್ಲರ ರಕ್ತದಲ್ಲೂ ಈ ಕೋಲಿನೆಸ್ಟರೇಸ್ ಅನ್ನೋ ಕಿಣ್ವ ಇರುತ್ತೆ ಮೇಡಂ. ಆಪರೇಷನ್ನಿಗೆ ಮುಂಚೆ ಗಂಟಲಿಗೆ ಕೊಳವೆ ಹಾಕೋಕೆ ಸ್ನಾಯು ಸಡಿಲ ಮಾಡೋ ಒಂದು ಔಷಧಿ ಕೊಡ್ತೀವಿ. ಆ ಕಿಣ್ವ ಅದನ್ನ ಕೆಲವೇ ನಿಮಿಷದಲ್ಲಿ ಒಡೆದು ಹಾಕುತ್ತೆ. ಇವರಲ್ಲಿ ಒಡೆಯೋರೇ ಇರಲಿಲ್ಲ, ಅದಕ್ಕೇ ಅಷ್ಟು ಹೊತ್ತು ಹಾಗೇ ಇದ್ದರು. ಆ ಕಿಣ್ವ ಹೇಗಿರಬೇಕು ಅಂತ ಹೇಳೋ ಜೀನು ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತೆ. ಎರಡೂ ಬದಲಾದವೇ ಬಂದಿದ್ರೆ ಹೀಗಾಗುತ್ತೆ. ಇದು ಕಾಯಿಲೆ ಅಲ್ಲ. ಆ ಔಷಧಿ ಕೊಡದೇ ಇದ್ದರೆ ನೂರು ವರ್ಷ ಬದುಕಿದರೂ ಗೊತ್ತಾಗಲ್ಲ.”

ನನಗೆ ಹಗುರವಾಯಿತು. ಅಷ್ಟರಲ್ಲಿ ಅವರೇ ಮುಂದುವರಿಸಿದರು. “ಆದರೆ ಕೆಲವು ಕೀಟನಾಶಕಗಳೂ ಇದೇ ಕಿಣ್ವವನ್ನ ಕಟ್ಟಿ ಹಾಕ್ತವೆ. ಕುಡಿದರೆ ಮಾತ್ರ ಅಂತಿಲ್ಲ, ಮುಖ ಮುಚ್ಚಿಕೊಳ್ಳದೆ ಹೊಡೆದರೂ ಸ್ವಲ್ಪ ಕಡಿಮೆ ಆಗಬಹುದು. ಅವರು ಏನಾದರೂ ಹೊಡೆದಿದ್ರಾ?”

ಮೇಷ್ಟ್ರನ್ನು ಕೇಳಿದೆ. ಅವರ ಮುಖ ಬಿಳಿಚಿತು. ಆಟಕ್ಕೆ ಹೋಗುವ ಹಿಂದಿನ ಭಾನುವಾರ ಅಣ್ಣನ ಶುಂಠಿ ಗದ್ದೆಗೆ ಔಷಧಿ ಹೊಡೆದಿದ್ದರು, ಬಾಯಿಗೆ ಟವೆಲ್ ಕೂಡ ಕಟ್ಟಿಕೊಳ್ಳದೆ.

“ಹಂಗಾದ್ರೆ ನಾನು ತಿಳೀದೇ ವಿಷ ಕುಡಿದೆ ಅಂತಾನಾ ಮೇಡಂ?”

ನನಗೆ ಗೊತ್ತಿರಲಿಲ್ಲ. ಈ ಸಲ ಗೊತ್ತಿಲ್ಲ ಎಂದಾಗ ಅವರಿಗೆ ಖುಷಿಯಾಗಲಿಲ್ಲ. ಡಾಕ್ಟರು ಒಂದು ದಾರಿ ಹೇಳಿದ್ದರು. ಕೆಲವು ತಿಂಗಳು ಔಷಧಿಯ ಗಾಳಿಯೂ ಸೋಕದಂತೆ ಇದ್ದು ಮತ್ತೆ ಪರೀಕ್ಷೆ ಮಾಡಿಸಬೇಕು. ಕೀಟನಾಶಕದಿಂದ ಇಳಿದದ್ದಾದರೆ ಕಿಣ್ವ ಮತ್ತೆ ಏರುತ್ತದೆ. ಹುಟ್ಟಿನಿಂದ ಬಂದದ್ದಾದರೆ ಅಲ್ಲೇ ಇರುತ್ತದೆ. ಜೊತೆಗೆ ಅಣ್ಣ ತಂಗಿಯರಿಗೂ ತಿಳಿಸಬೇಕು, ಅವರಲ್ಲೂ ಯಾರಿಗಾದರೂ ಇರಬಹುದು ಎಂದಿದ್ದರು.

ಆ ಮಾತು ಕೇಳಿದ ಮೇಲೆ ಮೇಷ್ಟ್ರು ಕಾಯಲು ತಯಾರಿರಲಿಲ್ಲ. ತೀರ್ಥಹಳ್ಳಿಗೆ ಕೊಟ್ಟ ಅವರ ತಂಗಿಗೆ ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ನಿಗೆ ದಿನ ಗೊತ್ತಾಗಿತ್ತು.

ಮೊದಲು ಅಣ್ಣನನ್ನು ಒಪ್ಪಿಸೋಣ ಎಂದು ಅವರೂ ಅಕ್ಕನೂ ನಾನೂ ಸಾಗರದ ಬಸ್ಸು ಹತ್ತಿದೆವು. ಅಣ್ಣ ನಮ್ಮನ್ನು ಜಗುಲಿಯಲ್ಲಿ ಕೂರಿಸಿದರು. ನಾನು ಅಂಗಳದಿಂದ ಬಿಳಿ ಕಲ್ಲು, ಕರಿ ಕಲ್ಲು ಆರಿಸಿ ತಂದು ಜೋಡಿಸಿದೆ. ಬಿಳಿ ಎಂದರೆ ಸರಿಯಾದ ಜೀನು, ಕರಿ ಎಂದರೆ ಬದಲಾದದ್ದು. ಅಪ್ಪನಿಗೆ ಒಂದು ಬಿಳಿ ಒಂದು ಕರಿ, ಅಮ್ಮನಿಗೆ ಒಂದು ಬಿಳಿ ಒಂದು ಕರಿ. ಒಬ್ಬೊಬ್ಬರಿಂದ ಒಂದೊಂದು ಕಲ್ಲು ಪ್ರತಿ ಮಗುವಿಗೆ.

“ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಎರಡೂ ಕರಿ ಬರಬಹುದು” ಎಂದೆ.

“ನಾವು ಮೂರೇ ಜನ” ಎಂದರು ಅಣ್ಣ.

“ಹಾಗಲ್ಲ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ.”

“ಅಂದ್ರೆ ಒಬ್ಬೊಬ್ರಿಗೂ ಕಾಲು ಕಾಲು ಕಾಯಿಲೆಯಾ?”

“ಕಾಯಿಲೆ ಅಲ್ಲ...”

“ಕಾಯಿಲೆ ಅಲ್ದಿದ್ರೆ ಅವನು ಸಂಜೆ ತನಕ ಹೆಣದ ಹಂಗೆ ಬಿದ್ದಿದ್ದು ಯಾಕೆ ಮೇಡಂ? ನಮ್ಮಪ್ಪ ಒಂದು ದಿನ ಮಾತ್ರೆ ನುಂಗಿದೋರಲ್ಲ. ನಮ್ಮಮ್ಮ ನಮ್ಮನ್ನೆಲ್ಲ ಹೆತ್ತು ಮೂರನೇ ದಿನಕ್ಕೆ ಕೆಲ್ಸಕ್ಕೆ ಇಳಿದೋರು. ಅವರಲ್ಲಿ ದೋಷ ಇತ್ತು ಅಂತೀರಾ?”

ಅವರು ಎದ್ದು ನಿಂತರು. ಜಗುಲಿಯ ತುದಿಯಲ್ಲಿ ಕೂತಿದ್ದ ಅಕ್ಕನ ಕಡೆ ಕೈ ತೋರಿಸಿದರು.

“ಅವತ್ತು ಕಿವಿ ಹತ್ರ ಬಗ್ಗಿ ‘ಇನ್ನು ಜಗಳ ಆಡಲ್ಲ’ ಅಂತ ಇವಳು ಅಂದಿದ್ದು ನಾನೇ ಕೇಳಿದೀನಿ. ಅದು ಯಾವ ಜೀನು?”

“ಅಣ್ಣ, ನಾನೂ ಕೇಳಿದೀನಿ. ನಂಗೆ ಆಗ ಎಚ್ಚರ ಇತ್ತು” ಎಂದರು ಮೇಷ್ಟ್ರು.

“ಎಚ್ಚರ ಇದ್ದೋನು ಮಾತಾಡ್ಲಿಲ್ಲ ಯಾಕೆ? ಅವಳ ಮೇಲಿನ ಸಿಟ್ಟಿಗೇ ಅಲ್ದಾ?”

ಮೇಷ್ಟ್ರು ಬಾಯಿ ತೆರೆದು ಹಾಗೇ ನಿಂತರು. ತೂಗಿ ನೋಡಿದರೆ ಅಣ್ಣನ ಮಾತೂ ನ್ಯಾಯವಾಗಿಯೇ ಇತ್ತಲ್ಲ! ಅಕ್ಕ ಮಾತ್ರ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಬಸ್ಸಿನಲ್ಲಿ ಊರು ಬರುವ ತನಕ ಅವರು ಒಂದು ಮಾತು ಆಡಲಿಲ್ಲ. ಇಷ್ಟು ವರ್ಷದಲ್ಲಿ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

ಮುಂದಿನ ರಜೆಯ ದಿನ ತೀರ್ಥಹಳ್ಳಿಗೆ ಹೋದೆವು. ತಂಗಿಯ ಗಂಡ ಸ್ವಂತ ಗೂಡ್ಸ್ ಗಾಡಿ ಓಡಿಸುತ್ತಿದ್ದವರು. ಒಳ್ಳೆಯವರೇ. ಆದರೆ ಸಾಗರದಿಂದ ಫೋನ್ ಬಂದಾಗಿತ್ತು.

“ನಿಮ್ಮ ಮನೇಲಿ ಆಗಿದ್ದು ಆಗೋಯ್ತು ಭಾವ. ಅದನ್ನ ಮುಚ್ಚೋಕೆ ಇವಳಿಗೂ ಒಂದು ಕಾಯಿಲೆ ಯಾಕೆ ಅಂಟಿಸ್ತೀರಿ? ನಾಳೆ ನಮ್ಮ ಮಗಳಿಗೆ ಗಂಡು ನೋಡ್ಬೇಕು. ರಕ್ತದಲ್ಲೇ ಏನೋ ಇದೆಯಂತೆ ಅಂದ್ರೆ ಯಾರು ಬರ್ತಾರೆ?”

ಮೇಷ್ಟ್ರು ನನ್ನ ಮುಖ ನೋಡಿದರು. ಕಲ್ಲುಗಳ ಕಥೆ ಮತ್ತೆ ಶುರು ಮಾಡಲೋ ಬೇಡವೋ ಎಂದು ನಾನು ತಡವರಿಸುತ್ತಿದ್ದೆ. ತಂಗಿ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ, ನೋವಿದ್ದ ಪಕ್ಕೆಗೆ ಕೈ ಒತ್ತಿಕೊಂಡು ನಿಂತಿದ್ದಳು. ಅವಳು ನನ್ನನ್ನೂ ಕೇಳಲಿಲ್ಲ, ಮೇಷ್ಟ್ರನ್ನೂ ಕೇಳಲಿಲ್ಲ. ನೇರ ಅಕ್ಕನ ಎದುರು ಬಂದು ಕೂತಳು.

“ಅತ್ತಿಗೆ, ನೀನು ಹೇಳು. ಅವತ್ತು ಅಣ್ಣ ಎಂತ ಕುಡಿದಿದ್ದ?”

“ಮಜ್ಜಿಗೆ ಕಣೇ. ನಾನೇ ಕೊಟ್ಟೆ. ಅರ್ಧ ಲೋಟಾನೂ ಇಳೀಲಿಲ್ಲ, ವಾಂತಿ ಮಾಡ್ಕೊಂಡ್ರು” ಎಂದರು ಅಕ್ಕ.

ತಂಗಿ ಅವರ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಗಂಡನ ಕಡೆ ತಿರುಗಿ, “ಅತ್ತಿಗೆ ಹೇಳಿದ್ಮೇಲೆ ಮುಗೀತು. ಡಾಕ್ಟ್ರ ಹತ್ರ ನಾನೇ ಹೇಳ್ತೀನಿ” ಎಂದಳು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು.

ಅಲ್ಲಿನ ಡಾಕ್ಟರು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಆಪರೇಷನ್ನಿಗೆ ಬೇರೆ ಔಷಧಿ ಬಳಸಿದರು. ತಂಗಿ ಸಮಯಕ್ಕೆ ಸರಿಯಾಗಿ ಎದ್ದಳು. ರಿಪೋರ್ಟು ಮಾತ್ರ ವಿಚಿತ್ರವಾಗಿತ್ತು, ಮೇಷ್ಟ್ರಷ್ಟು ಕಡಿಮೆಯೂ ಅಲ್ಲ, ಉಳಿದವರಷ್ಟು ಹೆಚ್ಚೂ ಅಲ್ಲ, ನಡುವೆ.

“ಅಂದ್ರೆ ಇವಳು ಅರ್ಧ ಕುಡಿದಳಾ?” ಎಂದರು ತಂಗಿಯ ಗಂಡ.

ಹೇಳಿದ ಮೇಲೆ ಅವರಿಗೇ ತಮ್ಮ ಮಾತು ಕೇಳಿಸಿತು. ಶುಂಠಿ ಗದ್ದೆಯ ಹತ್ತಿರವೂ ಸುಳಿಯದ, ಗೇಟಿನ ಹತ್ತಿರ ಯಾರ ಜೊತೆಯೂ ಜಗಳವಾಡದ ಹೆಂಡತಿ ಎದುರಿಗೇ ಮಲಗಿದ್ದಳು. ಅವರು ತಲೆ ಕೆರೆದುಕೊಂಡರು. ಒಂದು ಬಿಳಿ ಒಂದು ಕರಿ ಬಂದರೆ ಹೀಗೆ ನಡುವೆ ನಿಲ್ಲುತ್ತದೆ, ಪಕ್ಕಾ ಹೇಳಬೇಕಾದರೆ ಜೀನನ್ನೇ ಪರೀಕ್ಷೆ ಮಾಡಬೇಕು ಎಂದರು ಡಾಕ್ಟರು. ತಂಗಿಯ ಗಂಡನಿಗೆ ಅಷ್ಟು ಸಾಕಾಯಿತು. ಹೊರಗೆ ಹೋಗಿ ಸಾಗರಕ್ಕೆ ಫೋನ್ ಮಾಡಿದರು. ಏನು ಹೇಳಿದರೋ ನನಗೆ ಗೊತ್ತಿಲ್ಲ, ಬಹಳ ಹೊತ್ತು ಮಾತಾಡಿದರು.

ಕೆಲವು ತಿಂಗಳ ಮೇಲೆ ಮೇಷ್ಟ್ರ ಎರಡನೇ ಪರೀಕ್ಷೆಯೂ ಆಯಿತು. ಕಿಣ್ವ ಒಂಚೂರೂ ಏರಿರಲಿಲ್ಲ. ಹುಟ್ಟಿನಿಂದ ಬಂದದ್ದೇ. ಸ್ಟಾಫ್ ರೂಮಿಗೆ ಬಂದು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಎಲ್ಲರೂ ಸಂತೋಷಪಟ್ಟರು. ವಾರ ಕಳೆಯುವುದರೊಳಗೆ ಪೇಟೆಯಲ್ಲಿ ಹೊಸ ಸುದ್ದಿ ಹುಟ್ಟಿತ್ತು. ಆ ಮನೆಯವರಿಗೆ ಹುಟ್ಟಿನಿಂದಲೇ ರಕ್ತದಲ್ಲಿ ವಿಷ ಇದೆಯಂತೆ! ಇದನ್ನು ಕೇಳಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇರುವುದು ವಿಷವಲ್ಲ, ಇಲ್ಲದಿರುವುದು ಕಿಣ್ವ ಎಂದು ಅಂಗಡಿ ಅಂಗಡಿಗೆ ಹೋಗಿ ಹೇಳಲಾದೀತೆ?

ಅದಾದ ಮೇಲೆ ಒಂದು ಭಾನುವಾರ ಮೇಷ್ಟ್ರ ಮನೆಗೆ ಹೋಗಿದ್ದೆ. ಅಕ್ಕ ಅಡುಗೆ ಮಾಡುತ್ತಿದ್ದರು. ಯಾರೂ ಎಣಿಸದೆ ಇದ್ದಾಗ ಅಣ್ಣ ಬಂದರು. ಆಸ್ಪತ್ರೆಯ ಆ ದಿನದಿಂದ ಅವರು ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ, ಇಲ್ಲಿ ತೊಟ್ಟು ನೀರು ಕುಡಿದಿರಲಿಲ್ಲ. ಬಂದವರು ಕುರ್ಚಿಯ ತುದಿಯಲ್ಲಿ ಕೂತು, ನನ್ನನ್ನು ನೋಡಿ, “ನೀವು ಇದ್ದಿದ್ದು ಒಳ್ಳೇದಾಯ್ತು” ಎಂದು ಒಂದು ಕಾಗದ ಕೊಟ್ಟರು. ಯಾರಿಗೂ ಹೇಳದೆ ಸಾಗರದಲ್ಲಿ ತಾವೂ ರಕ್ತ ಪರೀಕ್ಷೆ ಮಾಡಿಸಿದ್ದರು.

ಓದಿದೆ. “ನಿಮಗೆ ಏನೂ ಇಲ್ಲ. ಪೂರ್ತಿ ಸರಿಯಾಗಿದೆ” ಎಂದೆ, ಖುಷಿಯಿಂದಲೇ.

ಅವರ ಮುಖ ಅರಳಲಿಲ್ಲ. “ಅಲ್ಲಿ ಡಾಕ್ಟ್ರೂ ಹಂಗೇ ಅಂದ್ರು” ಎಂದರು. “ಅವನಿಗೆ ಪೂರ್ತಿ ಬಂತು. ತಂಗಿಗೆ ಅರ್ಧ ಬಂತು. ಅಪ್ಪ ಅಮ್ಮಂದು ನಂಗೆ ಎಂತಕ್ಕೆ ಬರ್ಲಿಲ್ಲ ಮೇಡಂ? ನಾನು... ನಾನು ಅವರ ಮಗ ಹೌದೋ ಅಲ್ವೋ?”

ನಾನು ನಗಲಿದ್ದವಳು ನಿಂತೆ. ಅವರ ಕಣ್ಣು ತುಂಬಿತ್ತು. ಎರಡು ಬಿಳಿ ಕಲ್ಲು ಬರುವುದೂ ಅಷ್ಟೇ ಸಹಜ, ಅವೂ ಅಪ್ಪ ಅಮ್ಮನವೇ ಎಂದು ಹೇಳಲು ಹೊರಟೆ. ನಾಲ್ಕರಲ್ಲಿ ಒಂದು ಎಂಬಲ್ಲಿಗೆ ಬಂದು ನನ್ನ ಮಾತು ನನಗೇ ಸಿಕ್ಕು ಸಿಕ್ಕಾಯಿತು. ಮೇಷ್ಟ್ರು ಗೋಡೆಗೆ ಕಾಲು ಒತ್ತಿ ನಿಂತು ನನ್ನನ್ನೂ ಅಣ್ಣನನ್ನೂ ಸರದಿಯ ಮೇಲೆ ನೋಡುತ್ತಿದ್ದರು.

ಅಕ್ಕ ಸೌಟು ಕೈಯಲ್ಲಿ ಹಿಡಿದೇ ಅಡುಗೆಮನೆಯಿಂದ ಹೊರಗೆ ಬಂದರು. ಅಣ್ಣ ತಲೆ ತಗ್ಗಿಸಿದರು.

“ಅತ್ತೆಯೋರೂ ಹಿಂಗೇ ಇದ್ರಲ್ವಾ ಭಾವ?” ಎಂದರು ಅಕ್ಕ. ಎಷ್ಟೋ ತಿಂಗಳ ನಂತರ ಆ ದನಿ ಬೀದಿಗೆ ಕೇಳುವಷ್ಟು ಜೋರಾಗಿತ್ತು. “ಅರ್ಥ ಆಗ್ದೇ ಇದ್ದಿದ್ದಕ್ಕೆ ಮೊದ್ಲು ಸಿಟ್ಟು ಮಾಡೋದು. ಸಿಟ್ಟು ಇಳಿದ ಮೇಲೆ ನಾಚಿಕೆಗೆ ಊಟ ಬಿಡೋದು. ಅದು ಇವರಿಗೂ ಬರ್ಲಿಲ್ಲ, ನಾದಿನಿಗೂ ಬರ್ಲಿಲ್ಲ. ನಿಮಗೇ ಪೂರ್ತಿ ಬಂದಿದೆ. ಅದಕ್ಕೆ ಯಾವ ಟೆಸ್ಟು ಬೇಕು?”

ಸಿಟ್ಟು ಹಾಗೆ ತಾಯಿಯಿಂದ ಮಗನಿಗೆ ಬರುತ್ತದೆಯೋ ಇಲ್ಲವೋ ನನಗೆ ತಿಳಿಯದು.

ಅಣ್ಣ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ ಜೇಬಿಗೆ ಇಟ್ಟುಕೊಂಡರು. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತರು.

“ಎಂತ ಅಡುಗೆ ಮಾಡಿದೀಯಮ್ಮ?” ಎಂದು ಕೇಳಿದರು.